ಅವಮಾನ ಅಪ್ಪನದು, ಏಟು ನಿನಗೆ

ಉದಯಗಿರಿ, ಮೈಸೂರು
೧೨ ಜೂನ್ ೨೦೨೫

ಪ್ರೀತಿಯ ಗೌತಮ್,

ಹೇಗಿದ್ದೀಯಪ್ಪಾ? ಹುಬ್ಬಳ್ಳಿಯ ರೊಟ್ಟಿ ಹೊಟ್ಟೆಗೆ ಒಗ್ಗಿತಾ? ವೆಲ್ಡಿಂಗ್ ಮಾಡುವಾಗ ಕನ್ನಡಕ ಹಾಕ್ಕೊಳ್ತೀಯೋ ಇಲ್ವೋ ಅಂತ ಅವ್ವ ದಿನಾ ಕೇಳುತ್ತಾಳೆ. ಅಪ್ಪ ಹೊಡೆದು ನೀನು ಮನೆ ಬಿಟ್ಟಾಗಿನಿಂದ ನಮ್ಮೆಲ್ಲರ ನಂಬರೂ ಬ್ಲಾಕ್ ಮಾಡಿದ್ದೀಯ, ಅದಕ್ಕೇ ಈ ಕಾಗದ. ವಿಳಾಸ ನಿನ್ನ ಗೆಳೆಯ ಯೋಗೇಂದ್ರನಿಂದ ತಗೊಂಡೆ. ಅವನನ್ನು ಬೈಬೇಡ, ಪೀಡಿಸಿದ್ದು ನಾನು.

ಅಪ್ಪನ ವಿಷಯ ಬರೆಯಬೇಕಾಗಿದೆ. ಯಾರ ಪರವಾಗಿಯೂ ಬರೆಯುತ್ತಿಲ್ಲ, ಆದದ್ದನ್ನು ಹೇಳುತ್ತೇನೆ ಅಷ್ಟೆ. ಯುಗಾದಿ ಕಳೆದ ಮೇಲೆ ಒಂದು ದಿನ ಅಪ್ಪ ತನ್ನ ಸ್ಕೂಟರ್ ರಿಪೇರಿ ಅಂಗಡಿಯಲ್ಲಿ ಯಾರ ಮೇಲೋ ಕೂಗಾಡಿ ತಲೆ ಸುತ್ತಿ ಬಿದ್ದ. ಬಿಪಿ ವಿಪರೀತ ಏರಿತ್ತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಕೌನ್ಸೆಲಿಂಗಿಗೂ ಹೋಗಿ ಅಂದರು. "ನಂಗೇನು ಹುಚ್ಚು ಹಿಡಿದದಾ?" ಅಂತ ಅಪ್ಪ ಹಾರಾಡಿದ. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, "ನಿಂಗಲ್ಲ, ನಿನ್ ಜೊತೆ ಬಾಳಿ ನಮಗೆ ಹಿಡಿದದೆ, ನಡಿ" ಅಂದಳು. ಜೊತೆಗೆ ನಾನು ಹೋದೆ.

ಕೌನ್ಸೆಲರ್ ಅಲಮೇಲು ಅಂತ, ಮೆತ್ತಗೆ ಮಾತಾಡುವ ಹೆಂಗಸು. ಸಿಟ್ಟು ಬರೋ ಮುಂಚೆ ಮೈಯಲ್ಲಿ ಏನಾಗುತ್ತೆ ಅಂತ ಕೇಳಿದರು. ಕಿವಿ ಕಾಯ್ತದೆ ಅಂದ ಅಪ್ಪ. ಅದಕ್ಕೂ ಮುಂಚೆ? ಅಪ್ಪ, "ಎದುರಿಗಿರೋನು ನನ್ನ ಕೀಳಾಗಿ ನೋಡ್ತಾವ್ನೆ ಅನ್ನುಸ್ತದೆ" ಅಂದ. ಹಾಗಾದರೆ ಮೊದಲು ಬರೋದು ಅವಮಾನ, ಸಿಟ್ಟು ಅದರ ಹಿಂದೆ ಓಡಿ ಬರುತ್ತೆ ಅಂದರು ಮೇಡಂ. ಅದನ್ನು ನುಂಗಬೇಡಿ, ನುಂಗಿದ್ದನ್ನು ಮನೆಗೆ ಹೋಗಿ ಕಕ್ಕುತ್ತೀರಿ. ಕಿವಿ ಕಾದ ತಕ್ಷಣ ಜಾಗ ಬಿಟ್ಟು ಎದ್ದು ಹೋಗಿ, ಆಗಿರೋದು ಏನು ಅಂತ ಬಾಯಿಬಿಟ್ಟು ಹೇಳಿ ಅಂದರು. ಶುರುವಿನಲ್ಲಿ ಅಪ್ಪ ಊಟಕ್ಕೆ ಕೂತಾಗಲೂ "ಕಿವಿ ಕಾಯ್ತು" ಅಂತ ಎದ್ದು ನಲ್ಲಿ ಹತ್ತಿರ ಹೋಗುತ್ತಿದ್ದ. ಅವ್ವ, ಮುದ್ದೆಗೂ ನಿಂಗೂ ಏನಯ್ಯ ಜಗಳ ಅಂತ ನಗುತ್ತಿದ್ದಳು.

ಹೋದ ವಾರ ಶಿವರುದ್ರಪ್ಪ ಅನ್ನೋ ಗಿರಾಕಿ ಬಂದು, ಬ್ರೇಕ್ ಹಿಡೀಲಿಲ್ಲ, ಮಗಳನ್ನ ಕೂರಿಸಿಕೊಂಡು ಬಿದ್ದೆ ಅಂತ ಬೀದಿಯವರ ಎದುರಿಗೇ ಅಪ್ಪನ ಕಾಲರ್ ಹಿಡಿದ. ಬುತ್ತಿ ಕೊಡಲು ಹೋಗಿದ್ದ ನಾನು ಅಲ್ಲೇ ಇದ್ದೆ. ಅಪ್ಪನ ಕೈಯಲ್ಲಿ ಸ್ಪ್ಯಾನರ್ ಮೇಲೆದ್ದಿತ್ತು. ಮುಗೀತು ಅಂದುಕೊಂಡೆ. ಅದನ್ನು ಕೆಳಗಿಟ್ಟು, "ನಂಗೆ ಅವಮಾನ ಆಯ್ತಾದೆ ಸಾರ್, ಒಂಚೂರು ಟೈಮ್ ಕೊಡಿ" ಅಂತ ಹೋಗಿ ಮುಖ ತೊಳೆದು ಬಂದ. ಆಮೇಲೆ ಗಾಡಿ ನೋಡಿದರೆ, ಕೇಬಲ್ ಸಡಿಲ ಬಿಟ್ಟಿದ್ದು ಅಪ್ಪನೇ. ಎಲ್ಲರ ಮುಂದೆ ತಪ್ಪು ನಂದೇ ಅಂದ. ಮಗುಗೆ ಎಲ್ಲಾದರೂ ಏಟಾಗಿದೆಯಾ ಅಂತ ಕೇಳಿದ. ಆತ ಬೈಯುತ್ತಲೇ ಹೋದ.

ಆವತ್ತು ಮನೆಗೆ ಬಂದು ಅತ್ತ. "ಗೌತಮಂಗೆ ಹೊಡೆದ ದಿನ ಬೆಳಿಗ್ಗೆ ಒಬ್ಬ ಗಿರಾಕಿ ಬಾಯಿಗೆ ಬಂದಂಗೆ ಉಗಿದು ಹೋಗಿದ್ದ ಕಣವ್ವ. ಅವಮಾನ ನಂದು, ಏಟು ಮಗಂಗೆ" ಅಂದ. ಇದರಿಂದ ನಿನ್ನ ಕೆನ್ನೆಯ ಉರಿ ಆರಬೇಕು ಅಂತ ನಾನು ಹೇಳುವುದಿಲ್ಲ. ಕಾರಣ ಸಿಕ್ಕ ಮಾತ್ರಕ್ಕೆ ತಪ್ಪು ಅಳಿಸಿಹೋಗಲ್ಲ ಅಂತ ಮೇಡಂ ಅಪ್ಪನಿಗೂ ಹೇಳಿದ್ದಾರೆ.

ಅವ್ವ ನಿನ್ನ ತಲೆ ನೇವರಿಸಿದಳು ಅಂತ ಬರೆಯಲು ಹೇಳಿದಳು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ,
ಸಂಘಮಿತ್ರ

ಮರೆತಿದ್ದೆ: ಮುಂದಿನ ಭಾನುವಾರ, ೨೨ಕ್ಕೆ, ಅಪ್ಪ ಹುಬ್ಬಳ್ಳಿಗೆ ಬರುತ್ತಾನಂತೆ. ನಿನ್ನ ರೂಮಿಗಲ್ಲ, ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಸಂಜೆಯವರೆಗೆ ಕೂತಿರುತ್ತಾನೆ. ಬರಲೇಬೇಕು ಅಂತಿಲ್ಲ. "ಅವನು ಬರದೇ ಇದ್ರೆ ಅದು ಅವನ ಸಿಟ್ಟು, ಅವನಿಗೂ ಹಕ್ಕದೆ. ಟೀ ಕುಡಿದು ವಾಪಸ್ ಬತ್ತೀನಿ" ಅಂದ.