ಕೆಂಪು ಹಾಳೆಯ ವಾರ

ಜೂನ್ ೧೪, ಭಾನುವಾರ
(ಕ್ಯಾಲೆಂಡರೂ ಹಾಗೇ ಹೇಳುತ್ತಿದೆ)

ಪ್ರೀತಿಯ ಅಕ್ಕಾ,

ಈ ಮನೆಯ ಮಾತ್ರೆ ಖಾತೆಯ ಮಾಜಿ ಮಂತ್ರಿಯೂ ನಿನ್ನ ಏಕೈಕ ತಮ್ಮನೂ ಆದ ನಾನು ಒಂಟಿ ಕೈಯಲ್ಲಿ ಮಾಡುವ ನಮಸ್ಕಾರಗಳು. ಇನ್ನೊಂದು ಕೈಯಲ್ಲಿ ಪೆನ್ನಿದೆ.

ಉತ್ತರ ತಡವಾಯಿತು, ಕ್ಷಮಿಸು. ನಿನ್ನ ಕಾಗದ ಬಂದು ಮೂರು ತಿಂಗಳು. ಬರೆಯಲೆಂದು ಹನ್ನೊಂದು ಸಲ ಕುಳಿತಿದ್ದೇನೆ. ಇಂಕು ಮುಗಿದಿತ್ತು ಎನ್ನೋಣವೆಂದರೆ ಬೇಕಾದಷ್ಟಿತ್ತು. ಲಕೋಟೆ ದಪ್ಪಗಿದೆಯೆಂದು ಗಾಬರಿಯಾಗಬೇಡ, ಅದರ ವಿಚಾರ ಕೊನೆಯಲ್ಲಿ.

ಮೊದಲು ಊರ ಸುದ್ದಿ. ಅಮ್ಮನ ಟೈಲರಿಂಗ್ ಅಂಗಡಿಯನ್ನು ಈಗ ಅವಳ ಜೊತೆ ಕಾಜಾ ಹಾಕುತ್ತಿದ್ದ ಮೋಟುಜಡೆ ಅತ್ತೆಯೇ ನೋಡಿಕೊಳ್ಳುತ್ತಿದ್ದಾಳೆ. ಅಮ್ಮನ ಮಿಷಿನ್ನಿಗೆ ಬಟ್ಟೆ ಹೊದಿಸಿಟ್ಟಿದ್ದಾಳೆ, ಅದರ ಮುಂದೆ ಕೂರುವುದಿಲ್ಲ. ಅಳತೆ ತೆಗೆಯುವಾಗ ಅದರ ಪೆಡಲು ತಾನಾಗಿ ಒಂದು ಸಲ ಕೆಳಗೆ ಹೋಗಿ ಮೇಲೆ ಬರುತ್ತದಂತೆ. ಈ ಬಗ್ಗೆ ತನಿಖೆಗೆ ಏಕಸದಸ್ಯ ಸಮಿತಿ ರಚಿಸಿ, ನಾನೇ ಅದರ ಅಧ್ಯಕ್ಷನಾಗಿ, ನೆಲ ಇಳಿಜಾರಾಗಿದೆ ಎಂದು ವರದಿ ಕೊಟ್ಟೆ. ನೆಲ ಇಳಿಜಾರಾಗಿಲ್ಲ ಅಕ್ಕ. ಗೋಲಿ ಇಟ್ಟು ನೋಡಿದೆ, ಅಲ್ಲೇ ನಿಂತಿತು.

ಇನ್ನು ನಿನ್ನ ಕಾಗದ. ನಾನು ನಿನ್ನ ಮನೆಗೆ ಬಂದಿರಬೇಕು, ಅಜ್ಜಿಯನ್ನು ಮಾವ ತನ್ನಲ್ಲಿಗೆ ಕರೆದುಕೊಂಡು ಹೋಗಬೇಕು ಎಂದು ಬರೆದಿದ್ದೀಯ. ಅಮ್ಮನಿಗೆ ವಿಷ ಕೊಟ್ಟ ಆ ಕೈಗಳನ್ನು ನೋಡಿಕೊಂಡು ತುತ್ತು ಇಳಿಯುವುದಿಲ್ಲ ಎಂದೂ ಬರೆದಿದ್ದೀಯ. ಮಾವ ಇಪ್ಪತ್ತೊಂದಕ್ಕೆ ಬರುತ್ತಾನೆ. ಸುದ್ದಿ ಕೇಳಿದವಳೇ ಅಜ್ಜಿ ಗಂಟು ಕಟ್ಟಲು ಶುರುಮಾಡಿದಳು.

ಅದಕ್ಕೇ, ನೀನು ಕಾಣದ ಎರಡು ವರ್ಷದ ಕಥೆಯನ್ನು ಹೇಳುತ್ತೇನೆ. ನೀನು ಫೋನಿನಲ್ಲಿ ಕೇಳಿದ್ದು ಬರೀ ‘ಪರವಾಗಿಲ್ಲ, ಹುಷಾರಾಗಿದ್ದೀನಿ’.

ಅಮ್ಮನ ಬೆರಳಿನ ಗಿಣ್ಣುಗಳು ಊದಿಕೊಂಡಾಗ ಮೊದಲು ಬಂದವು ನೋವಿನ ಮಾತ್ರೆಗಳು. ಅವು ನೋವನ್ನು ಬೆರಳಿನಿಂದ ಹೊಟ್ಟೆಗೆ ವರ್ಗಾವಣೆ ಮಾಡಿದವು. ಆಮೇಲೆ ರುಮಟಾಯ್ಡ್ ಸಂಧಿವಾತ ಎಂದು ಹೆಸರು ಗೊತ್ತಾಗಿ ಸ್ಟೀರಾಯ್ಡ್ ಬಂತು. ಮೂರೇ ದಿನಕ್ಕೆ ಅಮ್ಮ ಕತ್ತರಿ ಹಿಡಿದಳು, ಮೂರು ತಿಂಗಳಿಗೆ ಮುಖ ಹುಣ್ಣಿಮೆ ಚಂದ್ರನಾಯಿತು. ನಾನು ಅವಳನ್ನು ಚಂದ್ರಮಂಡಲಾಧೀಶ್ವರಿ ಎಂದು ಕರೆದು ಬೆನ್ನಿಗೆ ಗುದ್ದು ತಿಂದೆ. ಗುದ್ದುವಷ್ಟು ಬೆರಳು ಮಡಚಿತು ಎಂದು ಅವಳಿಗೇ ಖುಷಿ. ಕೊನೆಗೆ ಬಂದದ್ದು ಮೆಥೋಟ್ರೆಕ್ಸೇಟ್. ವಾರಕ್ಕೆ ಒಂದೇ ಒಂದು ಮಾತ್ರೆ, ಹಳದಿ, ಅವರೆ ಬೀಜದಷ್ಟೂ ಇಲ್ಲ. ಭಾನುವಾರ ನುಂಗಿದರೆ ಸೋಮವಾರವೆಲ್ಲ ವಾಕರಿಕೆ. ಬಾಚಣಿಗೆಯಲ್ಲಿ ಕೂದಲು. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಆದರೆ ನಾಲ್ಕನೇ ತಿಂಗಳಿಗೆ ಅವಳು ಸೂಜಿಗೆ ದಾರ ಪೋಣಿಸಿದಳು ಅಕ್ಕ. ಪೋಣಿಸಿ, ಬಿಚ್ಚಿ, ಮತ್ತೆ ಪೋಣಿಸಿ ನಮಗೆಲ್ಲ ತೋರಿಸಿದಳು.

ಉಳಿದ ಆರು ದಿನ ಆ ಮಾತ್ರೆಯ ಕಾಟ ತಗ್ಗಿಸಲು ಫೋಲಿಕ್ ಆಸಿಡ್. ಅದೂ ಹಳದಿ, ಅದೂ ಪುಟ್ಟದು. ಪಟ್ಟಿಯಿಂದ ಮಾತ್ರೆ ಒತ್ತಿ ತೆಗೆಯಲು ಅಮ್ಮನ ಹೆಬ್ಬೆರಳಿಗೆ ಆಗದು, ಅಜ್ಜಿಗೆ ಓದಲು ಬಾರದು. ಆಗ ಮಂತ್ರಿಗಳಾದ ನಾವು ಒಂದು ಶಾಸನ ಹೊರಡಿಸಿದೆವು. ಅಮ್ಮನ ಎರಡು ಗುಂಡಿ ಡಬ್ಬಗಳಲ್ಲಿ ಕೋಟಿನ ಗುಂಡಿಯದರಲ್ಲಿ ವಾರದ ಮಾತ್ರೆ, ಅಂಗಿ ಗುಂಡಿಯದರಲ್ಲಿ ದಿನದ ಮಾತ್ರೆ. ಗೋಡೆಯ ಮೇಲಿನ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರಿನಲ್ಲಿ ಭಾನುವಾರದ ಕೆಂಪು ಹಾಳೆ ಕಂಡರೆ ಕೋಟಿನ ಡಬ್ಬ, ಕಪ್ಪು ಹಾಳೆ ಕಂಡರೆ ಅಂಗಿ ಡಬ್ಬ. ಹಾಳೆ ಹರಿಯುವ ಅಧಿಕಾರ ನನ್ನದು ಮಾತ್ರ. ಅಜ್ಜಿಯಿಂದ ಅಳತೆ ಟೇಪಿನ ಮೇಲೆ ಕೈಯಿಡಿಸಿ ಪ್ರಮಾಣ ಮಾಡಿಸಿದ್ದೆ: “ಹಾಳೆ ಹೇಳಿದಂತೆ ಕೊಡುತ್ತೇನೆ, ನನ್ನ ತಲೆ ಹೇಳಿದಂತೆ ಅಲ್ಲ.” ಅಮ್ಮ ನಕ್ಕು ನಕ್ಕು ಬಾಯಲ್ಲಿದ್ದ ಗುಂಡುಪಿನ್ನು ನುಂಗುವುದರಲ್ಲಿದ್ದಳು.

ಎರಡು ವರ್ಷ ಒಂದು ದಿನವೂ ತಪ್ಪಲಿಲ್ಲ.

ಹೋದ ಅಕ್ಟೋಬರಿನಲ್ಲಿ ಅಮ್ಮನ ಬಾಯಲ್ಲಿ ಹುಣ್ಣಾದಾಗ ನಾವು ಯಾರೂ ಬೆಚ್ಚಲಿಲ್ಲ. ಈ ಔಷಧಿಗೆ ಹುಣ್ಣಾಗಬಹುದು ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಆ ಎರಡು ವರ್ಷದಲ್ಲಿ ಏನೇ ಆದರೂ ‘ಮಾತ್ರೆಯದೇ ಇರಬೇಕು’ ಎಂದು ಸುಮ್ಮನಾಗುವುದು ನಮಗೆ ರೂಢಿಯಾಗಿಬಿಟ್ಟಿತ್ತು. ಮಾತ್ರೆಯದೇ ಆಗಿತ್ತು. ಶನಿವಾರ ಜ್ವರ ಬಂತು, ವಸಡಿನಲ್ಲಿ ರಕ್ತ ಬಂತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರಕ್ತದ ವರದಿ ನೋಡಿ, ಔಷಧಿ ಡಬ್ಬ ತರಿಸಿ, ಹತ್ತು ವಾರಕ್ಕೆಂದು ಕೊಟ್ಟ ಹೊಸ ಪಟ್ಟಿಯಲ್ಲಿ ಏಳು ಗುಳಿ ಖಾಲಿಯಿರುವುದನ್ನು ಕಂಡು ಕೇಳಿದರು.

“ದಿನಾ ಯಾರು ಕೊಟ್ಟಿದ್ದು ಇದನ್ನ?”

ಅಜ್ಜಿ ಶಾಲೆಯ ಮಗುವಿನ ಹಾಗೆ ಕೈ ಎತ್ತಿದಳು. “ನಾನು ತಾಯಿ. ನಂಗೆ ದಿನ ತಪ್ಪಿಹೋಯ್ತು.”

ವಿಷ ಇಳಿಸುವ ಔಷಧಿ ಕೊಟ್ಟರು, ರಕ್ತ ಕೊಟ್ಟರು. ಹನ್ನೆರಡು ದಿನ. ಆಮೇಲಿನದು ನಿನಗೆ ಗೊತ್ತು, ನೀನು ಬಂದಿದ್ದೆ, ಅಜ್ಜಿಯ ಕಡೆ ಬೆನ್ನು ಮಾಡಿ ಕೂತಿದ್ದೆ.

ಈಗಲೂ ಬೆಳಿಗ್ಗೆ ಅಜ್ಜಿ ಕ್ಯಾಲೆಂಡರಿನ ಕೆಳಗೆ ಬಂದು ನಿಲ್ಲುತ್ತಾಳೆ. “ಇವತ್ತು ಯಾವ ಬಣ್ಣ ಮಗಾ?” ಕಣ್ಣೆದುರಿಗೇ ಇದೆ, ಆದರೂ ನನ್ನ ಬಾಯಿಂದಲೇ ಕೇಳಬೇಕು. ಕಪ್ಪು ಎಂದರೆ ಅಂಗಿ ಡಬ್ಬವನ್ನು ಕಿವಿಯ ಹತ್ತಿರ ಒಂದು ಸಲ ಅಲ್ಲಾಡಿಸಿ ಇಡುತ್ತಾಳೆ. ಕೆಂಪು ಎಂದರೆ ಕೋಟಿನದು. ಅದರಲ್ಲಿ ಈಗ ಏನೂ ಇಲ್ಲ, ಗುಂಡಿಯೂ ಇಲ್ಲ, ಕೊನೆಯ ಮೂರು ಮಾತ್ರೆಗಳನ್ನು ನಾನೇ ಆಸ್ಪತ್ರೆಗೆ ಹಿಂದಿರುಗಿಸಿದ್ದೇನೆ. ಆದರೂ ಅದು ಸದ್ದು ಮಾಡುತ್ತದೆ. ನನಗೆ ಕೇಳಿಸುತ್ತದೆ. ಅಜ್ಜಿಗೂ ಕೇಳಿಸುತ್ತದೆಯೇ ಎಂದು ಕೇಳುವ ಧೈರ್ಯ ಈ ಮಂತ್ರಿಗಿಲ್ಲ.

ಅಕ್ಕ, ತನ್ನ ಮಗಳನ್ನು ಅಜ್ಜಿಯೇ ಕೊಂದಳು ಎಂದು ನೀನು ತಿಳಿದಿದ್ದೀಯ. ಒಂದು ಸಲ ಫೋನು ಮಾಡು. ಅವಳ ಹತ್ತಿರ ಮಾತಾಡು. ಏನೂ ಹೇಳಬೇಕಿಲ್ಲ, ಉಂಡೆಯಾ ಎಂದು ಕೇಳಿದರೆ ಸಾಕು.

ಕಿರಿಯನಾದರೂ ಆಶೀರ್ವದಿಸುವ ಹಕ್ಕನ್ನು ಈ ಮೂಲಕ ನನಗೆ ನಾನೇ ದಯಪಾಲಿಸಿಕೊಂಡು ಹೇಳುತ್ತೇನೆ: ನಿನ್ನ ಬೆರಳುಗಳು ಎಂದೂ ಊದದಿರಲಿ, ಭಾವನ ಗೊರಕೆ ತಗ್ಗಲಿ, ಪುಟ್ಟಿ ನನ್ನ ಬುದ್ಧಿ ಕಲಿಯದಿರಲಿ.

ಇಂತು,
ನಿನ್ನ ತಮ್ಮ,
ನೀನಿಟ್ಟ ಹೆಸರು ತರಲೆ

ತಾ.ಕ.: ಅಜ್ಜಿಗೆ ದಿನ ತಪ್ಪಲಿಲ್ಲ. ಆ ವಾರ ಅಂಗಡಿಗೆ ಬಣ್ಣ ಹೊಡೆಯುತ್ತಿದ್ದರು, ಬಾಗಿಲು ಹಾಕಿತ್ತು. ಆದರೂ ಅಮ್ಮ ಹೋಗಿ ಯೂನಿಫಾರಂ ಹೊಲಿಯುತ್ತೇನೆ ಎಂದು ಹಟ ಹಿಡಿದಳು. ‘ವಿಶ್ರಾಂತಿಯ ನಿಮಿತ್ತ ಈ ವಾರವಿಡೀ ಭಾನುವಾರವೆಂದು ಘೋಷಿಸಲಾಗಿದೆ’ ಎಂದು ಓದಿ, ಕೆಂಪು ಹಾಳೆಯ ಕೆಳಗಿದ್ದ ಆರು ಕಪ್ಪು ಹಾಳೆಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಅಮ್ಮ ನಕ್ಕು, “ಅಪ್ಪಣೆ ಪ್ರಭು” ಅಂದಳು. ನಾನು ಮಾಡಿದ ಶಾಸನ ನನಗೇ ನೆನಪಾಗಲಿಲ್ಲ. ಅವಳಿಗೂ ನೆನಪಾಗಲಿಲ್ಲ. ನೆನಪಿಟ್ಟುಕೊಂಡು ಪಾಲಿಸಿದವಳು ಅಜ್ಜಿ ಒಬ್ಬಳೇ. ಅವಳು ಕೈ ಎತ್ತಿದಾಗ ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ನನ್ನ ಕೈ ಜೇಬಿನಲ್ಲಿತ್ತು. ಜೇಬಿನಲ್ಲಿ ಹಾಳೆಗಳು ಇರಲಿಲ್ಲ, ಎಲ್ಲೋ ಬಿದ್ದುಹೋಗಿವೆ, ಬಚಾವಾದೆ ಅಂದುಕೊಂಡೆ.

ನಿನ್ನೆ ಅಜ್ಜಿಯ ಗಂಟು ಎತ್ತಿಡುವಾಗ ಅವಳ ಎಲೆಅಡಿಕೆ ಚೀಲ ಬಿಚ್ಚಿಕೊಂಡಿತು. ಒಳಗೆ ಆರು ಕಪ್ಪು ಹಾಳೆ, ನೀಟಾಗಿ ಮಡಚಿ ಇಟ್ಟಿದ್ದಳು. ಆಸ್ಪತ್ರೆಗೆ ಹೋಗುವ ಬೆಳಿಗ್ಗೆ ನನ್ನ ಪ್ಯಾಂಟು ಮಡಚಿಡುವಾಗ ಸಿಕ್ಕಿದ್ದಂತೆ. ಅಂದರೆ ಕೈ ಎತ್ತುವ ಮೊದಲೇ.

“ಓದೋಕೆ ಬರಲ್ಲ ಮಗಾ,” ಅಂದಳು, “ಎಣಿಸೋಕೆ ಬರುತ್ತೆ.”

ಆ ಹಾಳೆಗಳು ಈ ಲಕೋಟೆಯಲ್ಲಿವೆ. ಮಾವ ಇಪ್ಪತ್ತೊಂದಕ್ಕೆ ಬರುತ್ತಾನೆ. ಈಗ ಬಾಗಿಲ ಹತ್ತಿರ ಎರಡು ಗಂಟುಗಳಿವೆ, ಒಂದು ಅಜ್ಜಿಯದು, ಒಂದು ನನ್ನದು. ಯಾವುದನ್ನು ಒಳಗೆ ಇಡಬೇಕು ಎಂದು ನೀನು ಹೇಳು.