ವಾಚಿನ ಪಟ್ಟಿಯ ಕೆಳಗೆ

ಮಾರ್ಚ್ 4, ಸಂಜೆ 6
ಶೂ ಪಾಲಿಶ್ ಆಯಿತು. ರಜೆ ಮುಗಿಯಿತು, ನಾಳೆಯಿಂದ ಡ್ಯೂಟಿ. ಮಣಿಕಟ್ಟಿನಲ್ಲಿ ಎಳ್ಳಿನಷ್ಟು ಗುರುತು. ಅಲ್ಲಿಂದಲೇ ತಂತಿ ತೂರಿಸಿ ಹೃದಯದ ಒಂದು ನಾಳಕ್ಕೆ ಸ್ಟೆಂಟ್ ಹಾಕಿದ್ದು. ಎದೆ ಸೀಳಿದ್ದರೆ ಮುಚ್ಚಿಡಲು ಆಗುತ್ತಿತ್ತೇ? ಇದಕ್ಕೆ ವಾಚಿನ ಪಟ್ಟಿ ಸಾಕು. ಆಫೀಸಿಗೆ ಗೊತ್ತಾದರೆ ಇಂಜಿನ್ ಹತ್ತಲು ಬಿಡುವುದಿಲ್ಲ, ಕುರ್ಚಿ ಕೊಟ್ಟು ಕೂರಿಸುತ್ತಾರೆ. ಇಪ್ಪತ್ತಾರು ವರ್ಷ ರೈಲು ಓಡಿಸಿದವನು ಫೈಲು ನೋಡಿಕೊಂಡು ಬದುಕಲಾರೆ. ಇನ್ನೊಂದು ನಾಳ ಬಾಕಿ ಇದೆ. ಆರು ವಾರದೊಳಗೆ ಬರಲೇಬೇಕು ಎಂದಿದ್ದಾರೆ ಡಾಕ್ಟರ್.

ಮಾರ್ಚ್ 9
ಇಟಾರ್ಸಿಗೆ ಹೋಗಿ ಬಂದೆ. ಗೂಡ್ಸ್ ಗಾಡಿ. ಏನೂ ಆಗಲಿಲ್ಲ. ಮುಚ್ಚಿಟ್ಟು ಡ್ಯೂಟಿಗೆ ಹೋದೆನೆಂದು ಆಶಾ ಮಾತಾಡುತ್ತಿಲ್ಲ. ಮಾತ್ರೆ, ನೀರು ಮೇಜಿನ ಮೇಲೆ ಕುಕ್ಕಿ ಅಡುಗೆಮನೆಗೆ ಹೋಗುತ್ತಾಳೆ. ಇಂಥ ಹೆಂಡತಿ ಎದುರು ಸಿಟ್ಟು ಮಾಡುವ ಮುಖವೂ ನನಗಿಲ್ಲ.

ಏಪ್ರಿಲ್ 21
ಆರು ವಾರ ದಾಟಿತು. ಮತ್ತೆ ರಜೆ ಕೇಳಿದರೆ ಅನುಮಾನ ಬರುತ್ತದೆ. ಮುಂದಿನ ತಿಂಗಳು ನೋಡೋಣ. ತರಕಾರಿ ಹಿಡಿದು ಪ್ರತಾಪ ನಗರದ ನಮ್ಮ ಮನೆ ಮೆಟ್ಟಿಲು ಹತ್ತುವಾಗ ಎದೆ ಹಿಡಿಯಿತು. ಬಿಸಿಲು ಇರಬೇಕು... ಯಾರಿಗೆ ಸುಳ್ಳು ಹೇಳುತ್ತಿದ್ದೇನೆ? ಇದನ್ನು ಓದುವವನು ನಾನೊಬ್ಬನೇ.

ಮೇ 12
ಘಾಟ್ ಇಳಿಯುವಾಗ ಎದೆ ಹಿಂಡಿತು. ಎಡಗೈ ಜೋಮು. ಡ್ರೈವರ್ ಎಚ್ಚರವಿದ್ದಾನೆಂದು ತೋರಿಸಲು ನಿಮಿಷಕ್ಕೊಮ್ಮೆ ಒತ್ತುವ ಗುಂಡಿ ಇರುತ್ತದೆ. ಬಜರ್ ಹೊಡೆಯಿತು. ಕೇಳಿಸಿತು — ಕೈ ಏಳಲಿಲ್ಲ. ಅಸಿಸ್ಟೆಂಟ್ ಅಮೇಯ ಹಾರಿ ಬಂದು ಒತ್ತಿದ. ಕಣ್ಣು ಹತ್ತಿತ್ತು ಎಂದೆ. ನಂಬಲಿಲ್ಲ. ಆದರೂ ಯಾರಿಗೂ ಹೇಳುವುದಿಲ್ಲ ಎಂದ. ಅವನಾದರೂ ಹೇಳಿಬಿಟ್ಟರೆ ಚೆನ್ನಾಗಿತ್ತು.

ಮೇ 13
ಆಶಾಗೆ ನಿನ್ನೆ ಆದದ್ದೆಲ್ಲ ಹೇಳಿದೆ. ಅಳಲಿಲ್ಲ.
"ನಿಮ್ಮ ಎದಿ ನಿಮ್ದೊಬ್ಬರದ ಅಲ್ರಿ. ಹಿಂದ ಅಷ್ಟು ಮಂದಿ ಕುಂತಿರ್ತಾರ."
ನಾಳೆ ನನಗೆ ಪ್ಯಾಸೆಂಜರ್ ಗಾಡಿ. ಇಷ್ಟು ದಿನ ಮುಚ್ಚಿಟ್ಟೆ ಎಂದು ತಿಳಿದರೆ ಕುರ್ಚಿಯೂ ಸಿಗಲಿಕ್ಕಿಲ್ಲ. ದಿಕ್ಕೇ ತೋಚುತ್ತಿಲ್ಲ. ಹೆದರಿಕೆಯಾಗುತ್ತಿದೆ.

ಮೇ 14, ಮಧ್ಯಾಹ್ನ 2.10, ಡ್ಯೂಟಿ ಆಫೀಸಿನ ಬೆಂಚು
ಉಸಿರು ಪರೀಕ್ಷಿಸುವ ಮೆಷಿನ್‌ಗೆ ಊದಿದೆ. ಕುಡಿದಿಲ್ಲ ಎಂದಿತು ಮೆಷಿನ್. ಅದಕ್ಕೆ ಎದೆ ಕಾಣುವುದಿಲ್ಲ. ಇನ್ನು ಸಹಿ ಬಾಕಿ — ನಾನು ಆರೋಗ್ಯವಾಗಿದ್ದೇನೆ ಎಂದು. ವಾಚು ಬಿಚ್ಚಿದೆ. ಮಣಿಕಟ್ಟು ಚಾಚಿದರೆ ಸಾಕು, ಮಾತು ಬೇಕಾಗುವುದಿಲ್ಲ ಎಂದುಕೊಂಡಿದ್ದೆ. ಗುರುತು ಮಾಸಿಹೋಗಿದೆ. ತೋರಿಸಲು ಏನೂ ಇಲ್ಲ. ಬಾಯಿ ಬಿಟ್ಟೇ ಹೇಳಬೇಕು. ಅಮೇಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಾನೆ. ಸಹಿ ಹಾಕಿಸುವ ಗುಮಾಸ್ತ ಬಾಬು ನನ್ನನ್ನು ಕರೆಯುತ್ತಿದ್ದಾರೆ, "ಧನಂಜಯ, ಜಲ್ದಿ" ಎಂದು. ಮೊದಲ ಮಾತು ಇಲ್ಲೇ ಬರೆದುಕೊಂಡು ಹೋಗುತ್ತೇನೆ, ಇಲ್ಲದಿದ್ದರೆ ಬಾಯಿಗೆ ಬರುವುದಿಲ್ಲ: ಸರ್, ಫೆಬ್ರವರಿಯಲ್ಲಿ ನನಗೆ —