ಹನ್ನೊಂದು ದಿನದ ಒಳಮನೆ

ಜನವರಿ 6, ಬೆಳಿಗ್ಗೆ 6.30

‘ಹೆತ್ತವಳಿಗೆ ತೊಟ್ಟಿಲ ಹಾಡು, ಎತ್ತಿದವಳಿಗೆ...’ ಮುಂದೇನು? ಹಾಲು ಕಾಯಿಸುವಾಗಿನಿಂದ ಕೊರೆಯುತ್ತಿದೆ. ಎಂ.ಎ. ಓದುವಾಗ ಎಲ್ಲೋ ಬರೆದುಕೊಂಡದ್ದೋ, ಅವ್ವ ಗುನುಗುತ್ತಿದ್ದುದೋ. ಸಾಲು ಅಲ್ಲಿಗೇ ನಿಂತಿತ್ತೋ ಏನೋ. ಎತ್ತಿದವಳಿಗೆ ಏನೂ ಇಲ್ಲವೆಂದು.

ಊರಿನ ಹೊಸ ಆರೋಗ್ಯ ಕೇಂದ್ರದಲ್ಲಿ ಹೆರಿಗೆ ವಾರ್ಡಿನ ಗೋಡೆಗೆ ಚಿತ್ರ ಬರೆಸಬೇಕಂತೆ. ಊರಿನ ಕಥೆ ನೀವು ಕಲೆಹಾಕಿ ಮೇಡಂ, ಮೈಸೂರಿನ ರಘುನಂದನ್ ಚಿತ್ರ ಬರೆಯುತ್ತಾರೆ ಎಂದರು ಡಾಕ್ಟರ್ ಶ್ವೇತ. ಒಪ್ಪಿದೆ. ಒಂದು ವಾರದಿಂದ ಕಾಲೇಜು ಮುಗಿಸಿ, ಪಾಂಡವಪುರದ ಬಸ್ಸಿಳಿದು, ಬೀದಿ ಬೀದಿ ಸುತ್ತಿದ್ದೇನೆ. ಎಲ್ಲರದೂ ಒಂದೇ ಮಾತು — ಕಬ್ಬು ಬರೆಸಿ. ಅರ್ಧ ಜನ ಸಕ್ಕರೆ ಕಾಯಿಲೆಗೆ ಬರುವ ಕಡೆ ಕಬ್ಬು!

ಜನವರಿ 8

ಬೆಟ್ಟಮ್ಮ ಬಂದಳು. ಕೆಳಗಿನ ಬೀದಿಯ ಸೂಲಗಿತ್ತಿ. ಎಪ್ಪತ್ತೆಂಟು ಇರಬಹುದು. ನನ್ನನ್ನೂ ಎತ್ತಿದವಳು. ಕರೆದದ್ದು ನಾನೇ, ಆದರೂ ಜಗಲಿಯ ಕೆಳಗೇ ನಿಂತಿದ್ದಳು. ಕೈ ಹಿಡಿದು ಒಳಗೆ ಕರೆತಂದು ಕುರ್ಚಿಯ ಮೇಲೆ ಕೂರಿಸಿದೆ.

ಕಾಫಿಗೆ ಲೋಟ ತೆಗೆಯುವಾಗ ಕೈ ಒಂದು ಗಳಿಗೆ ತಡೆಯಿತು. ಯಾವ ಲೋಟ, ಎಂದು. ಇದು ಯಾರೂ ಓದದ ಪುಸ್ತಕ, ಆದ್ದರಿಂದ ಬರೆದಿಡುತ್ತೇನೆ.

ಜನವರಿ 13

ದಿನಾ ಬರುತ್ತಿದ್ದಾಳೆ. ಇವತ್ತು ಪುರುಡಿನ, ಹೆರಿಗೆ ಮೈಲಿಗೆಯ ದಿನಗಳ ಮಾತು.

“ಮಗ ಉಟ್ಟಿದ್ ಮನೇಲಿ ಅನ್ನೊಂದ್ ದಿನ ನಾನೇ ಯಜಮಾನ್ತಿ ಕಣ್ ಕೂಸೇ. ಬಾಣ್ತಿ ಕ್ವಾಣೆಗಂಟ ಓಯ್ತಿದ್ದೆ. ಗೌಡ್ರೂ ನನ್ ಕೇಳ್ಕಂಡೇ ಒಳೀಕ್ ಬರ್ಬೇಕು. ಪುಣ್ಯ ಮಾಡಿ ಮನೆಗೆಲ್ಲ ಗಂಜ್ಲ ಚಿಮುಕ್ಸುದ್ರೋ, ಮುಗೀತು. ಮಾರ್ನೇ ದಿನ ಅದೇ ಮಗೀನ ನೋಡಾಕೆ ಜಗ್ಲಿ ಕೆಳ್ಗೆ ನಿಂತ್ಕಬೇಕು.”

“ನನಗೂ ಹಾಗೇ ಆಯಿತಾ?”

“ಇನ್ನೇನು, ನೀನೇನ್ ದೊಡ್ ಮಾರಾಣಿಯಾ? ನಿಮ್ಮವ್ವ ಒಳ್ಳೇಳು. ಜಗ್ಲಿ ಮ್ಯಾಲಿಂದ ಸೀರೆ ಆಕುದ್ಲು. ಅಸ್ರು ಸೀರೆ.” ನಗು. ಹಲ್ಲಿಲ್ಲದ ನಗು.

ಜನವರಿ 18

ರಘುನಂದನ್ ಬಂದು ಅವಳ ಮುಖದ ಸ್ಕೆಚ್ ಮಾಡಿಕೊಂಡರು. ಮೊರದಲ್ಲಿ ಮಲಗಿಸಿದ ಕೂಸು, ಹಿಡಿದು ನಿಂತ ಬೆಟ್ಟಮ್ಮ. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು.

“ಈ ಪಾಟಿ ಮುದ್ಕಿ ಆಗ್ಬುಟ್ನಾ?” ಆಮೇಲೆ ಮೆಲ್ಲಗೆ, “ದಿಟ್ವಾಗೂ ಗ್ವಾಡೆ ಮ್ಯಾಲೆ ಬರ್ತೀನಾ ಕೂಸೇ? ನನ್ ಮೊಮ್ಮಗ್ಳು ಸಹನ ಅಲ್ಗೇ ಎರ್ಗೆಗೆ ಬರೋದು. ಅವ್ಳ್ ಕಣ್ಗೆ ಬೀಳ್ಬೇಕು.”

ಮಾತು ಕೊಟ್ಟೆ.

ಫೆಬ್ರವರಿ 2, ಸಂಜೆ

ಆರೋಗ್ಯ ಕೇಂದ್ರದ ಸಮಿತಿ ಸಭೆ. ಹೊನ್ನಪ್ಪ ಅಧ್ಯಕ್ಷರು — ಅಪ್ಪನ ದಾಯಾದಿ, ನನಗೆ ಚಿಕ್ಕಪ್ಪ. ಸ್ಕೆಚ್ ನೋಡಿ ಕನ್ನಡಕ ತೆಗೆದಿಟ್ಟರು.

“ನಮ್ಮನೆ ಎಣ್ಮಕ್ಳು ಮಲ್ಗೋ ಕಡೆ ಇವಳ್ ಮೊಕ ಯಾಕವ್ವ? ಜಾತಿ ಮಾತಲ್ಲ ಕಣವ್ವ, ತಪ್ ತಿಳ್ಕಬ್ಯಾಡ. ಒಬ್ಳು ನರ್ಸ್‌ನ ಬರ್ಸು. ಬಿಳೀ ಬಟ್ಟೆ, ಚೆಂದಾಗ್ ಕಾಣ್ತದೆ.”

“ನಿಮ್ಮ ಮಗ ಲೋಕೇಶನನ್ನು ಎತ್ತಿದ್ದು ಯಾರು ಚಿಕ್ಕಪ್ಪ?”

ಯಾರೋ ಕಿಸಕ್ಕನೆ ನಕ್ಕರು. ಹೊನ್ನಪ್ಪನವರು ನಗಲಿಲ್ಲ.

“ನಿನ್ನೂ ಅವಳೇ ಎತ್ತಿರಾದು. ಅದ್ಕೆ ನಿಮ್ಮವ್ವ ಅವಳ್ನ ನಡುಮನೇಲಿ ಕೂರುಸ್ಕಂಡಿದ್ಲಾ?”

ಡಾಕ್ಟರ್ ನನ್ನನ್ನೇ ನೋಡುತ್ತಿದ್ದರು. ಏನಾದರೂ ಹೇಳಬೇಕಿತ್ತು. ಮುಖ ಬೇಡವಾದರೆ ಕೈಗಳಷ್ಟೇ ಇರಲಿ, ಎಂದೆ. ನಾನೇ ಎಂದೆ. ಯಾರೂ ಕೇಳಿರಲಿಲ್ಲ. ಸಾಂಕೇತಿಕವಾಗಿರುತ್ತದೆ ಎಂದೂ ಸೇರಿಸಿದೆ. ಎಲ್ಲರಿಗೂ ಸಮಾಧಾನ. ಎಂ.ಎ. ಓದಿದ್ದು ಇದಕ್ಕೆ ಒದಗಿತು.

ಫೆಬ್ರವರಿ 3

ಬೆಟ್ಟಮ್ಮನಿಗೆ ಹೇಳಬೇಕು. ಕೆಳಗಿನ ಬೀದಿಯ ತಿರುವಿನ ತನಕ ಹೋಗಿ ವಾಪಸ್ಸು ಬಂದೆ. ಸೊಪ್ಪು ಕೊಂಡೆ.

ಫೆಬ್ರವರಿ 11

ಗೋಡೆಯ ಮೇಲೆ ಮೊರ ಬಂದಿದೆ, ಕೂಸು ಬಂದಿದೆ, ಎರಡು ಕೈ ಬಂದಿವೆ. ಸಮಿತಿಯಿಂದ ಇನ್ನೊಂದು ಸೂಚನೆ — ಕೈಗಳ ಬಣ್ಣ ತುಸು ತಿಳಿಯಾಗಲಿ, ಹಸಿರು ಬಳೆ ಇರಲಿ. ಬೆಟ್ಟಮ್ಮ ಬಳೆ ತೆಗೆದು ಇಪ್ಪತ್ತು ವರ್ಷ.

ರಘುನಂದನ್ ಏಣಿಯ ಮೇಲಿಂದ, “ಮೇಡಂ, ಯಾವ ಬಣ್ಣ ಹಾಕ್ಲಿ? ನೀವೇ ಹೇಳ್ಬಿಡಿ.”

ಬಸ್ಸಿಗೆ ಹೊತ್ತಾಯಿತು ಎಂದು ಹೊರಟೆ. ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು.

ಫೆಬ್ರವರಿ 21

ಉದ್ಘಾಟನೆ. ನನಗೆ ಶಾಲು. ‘ಊರಿನ ಜನಜೀವನ ಸಂಶೋಧಿಸಿದ ಮೇಡಂ’ ಎಂದರು ಮೈಕಿನಲ್ಲಿ. ಸಹನಳ ಕೈ ಹಿಡಿದು ಬೆಟ್ಟಮ್ಮ ಬಂದಿದ್ದಳು. ಹಸಿರು ಸೀರೆ, ತೀರ ಹಳೆಯದು. ಅವ್ವ ಕೊಟ್ಟದ್ದೇ? ಅಷ್ಟು ವರ್ಷ ಬಾಳುತ್ತದೆಯೇ ಸೀರೆ?

“ನೀನೆಲ್ಲಜ್ಜೀ?” ಎಂದು ಸಹನ ಕೇಳಿದ್ದು ಕೇಳಿಸಿತು. ಬೆಟ್ಟಮ್ಮ ಗೋಡೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ನಾನು ಹಿಂದಿನ ಸಾಲಿಗೆ ಸರಿದೆ.

ಫೆಬ್ರವರಿ 26, ಸಂಜೆ

ಕಾಲೇಜಿನಿಂದ ಬಂದು ಬೀಗ ತೆಗೆಯುತ್ತಿದ್ದೆ. ಪಕ್ಕದ ಮನೆಯ ಪುಟ್ಟತಾಯಮ್ಮ ಬಾಗಿಲಿಗೇ ಬಂದಳು. ಕೈಯಲ್ಲಿ ಸಕ್ಕರೆ ಪೊಟ್ಟಣ. ಈಚೆಗಷ್ಟೇ ಬೇರೆ ಊರಿನಿಂದ ಮದುವೆಯಾಗಿ ಬಂದ ಹುಡುಗಿ, ಈ ಊರಿನ ಹಳೆಯ ರೂಢಿ ತಿಳಿಯದು.

“ಬೆಟ್ಟಮ್ಮ ಬಂದಿದ್ಲು ಕಣಕ್ಕ. ಮೊಮ್ಮಗ್ಳಿಗೆ ಎಣ್ ಮಗ ಆಯ್ತಂತೆ, ಇದ್ನ ಅಮ್ಮಾವ್ರಿಗೆ ಕೊಡಿ ಅಂದ್ಲು. ಬಿಸ್ಲಲ್ಲಿ ಜಗ್ಲಿ ಕೆಳ್ಗೇ ನಿಂತಿದ್ಲು. ಮ್ಯಾಕ್ ಬಾ, ನಮ್ಮಕ್ಕ ನಿನ್ನ ಒಳ್ಗೇ ಕೂರುಸ್ಕೋತಿದ್ರಲ್ಲ ಅಂದೆ. ‘ಬ್ಯಾಡ ಕಣವ್ವ, ಈ ಮನೇಲಿ ನನ್ ಅನ್ನೊಂದ್ ದಿನ ಮುಗೀತು’ ಅಂದ್ಬುಟ್ಟು ಒಂಟೋದ್ಲು. ಯಾವ ಅನ್ನೊಂದ್ ದಿನ ಅಕ್ಕ? ನಿಮ್ಮನೇಲಿ ಬಾಣ್ತಿ ಯಾರಿದ್ರು?”